ಮಾಣಿಕ ಕಾಕಾ ಸತ್ತ ಮೇಲಿನ ಮನೆ

ಪಡಸಾಲೆಯಲ್ಲಿ ಮಾಣಿಕ ಕಾಕಾನ ದೊಡ್ಡ ಫೋಟೊ ತೂಗುಹಾಕಲು ಜಾಗ ಬೇಕೆಂದು ಅಪ್ಪ ಅವ್ವನ ಹೊಲಿಗೆ ಯಂತ್ರವನ್ನು ಎತ್ತಿಸಿ ದನದ ಕೊಟ್ಟಿಗೆಯಲ್ಲಿ ಇಡಿಸಿದರು. ಬೆಳಕು ಬೀಳುವ ಗೋಡೆ ನಮ್ಮ ಮನೆಯಲ್ಲಿ ಇದ್ದದ್ದೇ ಅದೊಂದು. ಅವ್ವ ಕೊಟ್ಟಿಗೆಯ ಒಂದು ಮೂಲೆ ಸಾರಿಸಿಕೊಂಡು, ಎಮ್ಮೆಗೆ ಬೆನ್ನು ಮಾಡಿ ಕುಳಿತು, ಓಣಿಯವರ ಕುಪ್ಪಸ ಹೊಲಿಯತೊಡಗಿದಳು. ನನಗೆ ಆಗ ಹತ್ತು ವರ್ಷ. ಈಗ ಅರವತ್ತು ದಾಟಿದೆ. ಬೀದರಿನಲ್ಲಿ ಇತಿಹಾಸ ಕಲಿಸುತ್ತಲೇ ನೌಕರಿ ಮುಗಿಸಿದವಳು ನಾನು. ಕಾಕಾ ಸತ್ತ ಆ ಬಾಂಗ್ಲಾ ಯುದ್ಧದ ಪಾಠವನ್ನು ವರ್ಷವರ್ಷವೂ ಮಾಡಿದ್ದೇನೆ. ಹದಿಮೂರು ದಿನದ ಯುದ್ಧ, ಹುಟ್ಟಿದ ಹೊಸ ದೇಶ, ಶರಣಾದ ಸಾವಿರಾರು ಸೈನಿಕರು ಎಂದು ಹೇಳುತ್ತ ಹೋಗುವಾಗ ಮುಂದಿನ ಬೆಂಚಿನ ಹುಡುಗರ ಮುಖ ಅರಳುತ್ತಿತ್ತು. ನನಗೆ ಮಾತ್ರ ಕೊಟ್ಟಿಗೆಯಲ್ಲಿ ಕುಳಿತ ಅವ್ವ ಕಾಣುತ್ತಿದ್ದಳು, ಆ ಸಿಟ್ಟಿಗೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು.

ನಮ್ಮ ಮನೆ ಭಾಲ್ಕಿಯ ಕೋಟೆಯ ಹಿಂದಿನ ಓಣಿಯಲ್ಲಿ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬಾಗಿಲು ದಾಟಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಕತ್ತಲೆಯ ಅಡುಗೆಮನೆ. ಪಕ್ಕದಲ್ಲಿ ಒಂದು ಚಿಕ್ಕ ಕೋಣೆ. ಅಡುಗೆಮನೆಯಲ್ಲಿ ಎರಡು ಭಾಷೆ ಒಟ್ಟಿಗೆ ಬೇಯುತ್ತಿದ್ದವು; ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು, ಆಕೆ ದೇವರಿಗೆ ಮರಾಠಿಯಲ್ಲೂ ನಮಗೆ ಕನ್ನಡದಲ್ಲೂ ಬೈಯುತ್ತಿದ್ದಳು. ಅಪ್ಪನದು ಗಂಜಿನಲ್ಲಿ, ಅಂದರೆ ಊರಿನ ಕಾಳಿನ ಪೇಟೆಯಲ್ಲಿ, ದಲ್ಲಾಳಿಯ ಅಡತಿ ಅಂಗಡಿ. ತೊಗರಿ, ಉದ್ದು, ಹೆಸರು ಹೊತ್ತ ಗಾಡಿಗಳು ಅಲ್ಲಿಗೆ ಬರುತ್ತಿದ್ದವು. ಅಪ್ಪನ ತಮ್ಮನೇ ಮಾಣಿಕ ಕಾಕಾ. ತಕ್ಕಡಿಯ ಮುಂದೆ ಕೂಡಲು ಮನಸ್ಸಿಲ್ಲದ ಅವನು ಒಂದು ದಿನ ಯಾರಿಗೂ ಹೇಳದೆ ಹೋಗಿ ಮಿಲಿಟರಿಗೆ ಹೆಸರು ಬರೆಸಿ ಬಂದ. ಅಂದು ಊಟದ ಹೊತ್ತಿಗೆ ಆದ ಜಗಳ ನನಗೆ ಇನ್ನೂ ಕೇಳಿಸುತ್ತದೆ. ಕಾಕಾ ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದ. ಅಪ್ಪ ನಿಂತೇ ಇದ್ದರು.

“ಸಿಪಾಯಿ ಆಗ್ತಾನಂತ, ಸಿಪಾಯಿ. ತಿನ್ಲಿಕ್ಕ ಗತಿ ಇಲ್ದವರು ಹೋಗ್ತಾರ ಅಲ್ಲಿ. ಹೋಗು. ಹೋದ್ಮ್ಯಾಲ ನನ್ನ ಜೋಡಿ ಮಾತಾಡ್ಬ್ಯಾಡ.”

ಅಪ್ಪ ಹೇಳಿದಂತೆಯೇ ನಡೆದರು. ಕಾಕಾ ರಜೆಗೆ ಬಂದಾಗ ಅವನೊಂದಿಗೆ ಒಂದು ಮಾತಿಲ್ಲ, ಒಂದೇ ಸಾಲಿನಲ್ಲಿ ಊಟಕ್ಕೆ ಕೂಡುವುದಿಲ್ಲ. ಅವನು ಉಂಡು ಕೈ ತೊಳೆದ ಮೇಲೆ ಇವರ ತಾಟು. ಅವ್ವ ಎರಡು ಸಲ ರೊಟ್ಟಿ ಬಡಿಯಬೇಕಾಗುತ್ತಿತ್ತು. ಮದುವೆಯನ್ನು ಕೂಡ ಆಯಿಯೇ ನಿಂತು ಮಾಡಿದಳು. ಔರಾದ ಕಡೆಯ ಹುಡುಗಿ, ಗಂಗೂ. ಏಳನೆಯ ಇಯತ್ತೆ ಓದಿದ್ದಳು, ನಕ್ಕರೆ ಹಿತ್ತಲಿನವರೆಗೆ ಕೇಳಿಸುತ್ತಿತ್ತು. ಚಿಕ್ಕ ಕೋಣೆ ಅವರಿಬ್ಬರದಾಯಿತು. ಕಾಕಾ ಹೊರಟುಹೋದ ಮೇಲೆ ಗಂಗೂ ಕಾಕು ರಾತ್ರಿ ನನ್ನನ್ನು ಜೊತೆಗೆ ಮಲಗಿಸಿಕೊಳ್ಳುತ್ತಿದ್ದಳು, ನನ್ನ ಪುಸ್ತಕಗಳನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಿದ್ದಳು.

ಯುದ್ಧ ಬಂತು. ಬೀದರಿನಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸುತ್ತಾರೆಂದು ಕೇಳಿ ನಮ್ಮ ಓಣಿಯವರೂ ಅಂಟಿಸಿದರು. ಭಾರತ ಎಂಬುದು ನಮ್ಮ ಸೀಮೆಗೆ ತಡವಾಗಿ ಬಂದದ್ದು. ನಿಜಾಮನ ಕಾಲದ ಕೊನೆಯಲ್ಲಿ ಆಯಿ ರಜಾಕಾರರಿಗೆ ಹೆದರಿ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಗಡಿ ದಾಟಿದವಳು. ಹಾಗಾಗಿ ನಮ್ಮೂರಿನ ಹಿರಿಯರಿಗೆ ಧ್ವಜ, ರೇಡಿಯೊ, ಸೈನ್ಯ ಎಲ್ಲದರ ಮೇಲೂ ಹೊಸದಾಗಿ ಮನೆಗೆ ಬಂದ ಸೊಸೆಯ ಮೇಲಿರುವಂಥ ಸಡಗರ. ಅದನ್ನು ನಾನು ಹಗುರ ಮಾಡುವುದಿಲ್ಲ. ಗೆದ್ದ ಸುದ್ದಿ ರೇಡಿಯೊದಲ್ಲಿ ಬಂದ ಸಂಜೆ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಸಕ್ಕರೆ ಹಂಚಿದವರು ದರ್ಜಿ ಖಾಜಾ ಚಾಚಾ. ಅವರು ಯಾಕೆ ಅಷ್ಟು ಅವಸರ ಮಾಡಿದರೆಂದು ತಿಳಿಯಲು ನಾನು ದೊಡ್ಡವಳಾಗಬೇಕಾಯಿತು.

ಮರುದಿನವೇ ಎಳ್ಳಮಾವಾಸ್ಯೆ. ಊರಿಗೆ ಊರೇ ಹೊಲದಲ್ಲಿತ್ತು. ನಾವು ಗಾಡಿ ಕಟ್ಟಿಕೊಂಡು ಹೋದೆವು. ಕಾಳುಗಳೆಲ್ಲ ಬೆರೆಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯಲ್ಲಿ ಹುಳಿಯಾದ ಅಂಬಲಿ, ಶೇಂಗಾ ಹೋಳಿಗೆ. ಆಯಿ ಬೆಳೆಯೊಳಗೆ ನಡೆದು ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿದಳು. ಪಕ್ಕದ ಹೊಲದ ಹುಡುಗರು ಜೋಳದ ದಂಟು ಹಿಡಿದು ದೇಶಕ್ಕೆ ಜೈಕಾರ ಹಾಕುತ್ತ ಬದುವಿನ ಮೇಲೆ ಓಡಾಡಿದರು. ಎಲ್ಲರೂ ಗಂಗೂ ಕಾಕುವನ್ನು ಮಾತಾಡಿಸುವವರೇ. ನಿಮ್ಮವರು ಗೆದ್ದರು, ಇನ್ನೇನು ಬಂದೇ ಬಿಡುತ್ತಾರೆ ಎಂದು ಗೇಲಿ ಮಾಡಿದರೆ ಆಕೆ ನಾಚಿ, ನಕ್ಕು, ಇನ್ನೊಂದು ಸಲ ಭಜ್ಜಿ ಹಾಕಿಸಿಕೊಂಡಳು. ಅಪ್ಪ ಅಂದೂ ಕಾಕಾನ ಹೆಸರೆತ್ತಲಿಲ್ಲ.

ಮೂರೋ ನಾಲ್ಕೋ ದಿನದ ಮೇಲೆ ತಂತಿ ಬಂತು. ಓದಿ ಹೇಳಿದವರು ಅಂಚೆಯವರೇ. ಕಾಕಾ ಸತ್ತದ್ದು ಯುದ್ಧ ಶುರುವಾದ ವಾರದೊಳಗೇ, ಪಶ್ಚಿಮದ ಗಡಿಯಲ್ಲಿ. ಸುಟ್ಟದ್ದೂ ಅಲ್ಲಿಯೇ. ಆಯಿ ಅಂಗಳದಲ್ಲಿ ಕುಸಿದಳು. ಅವ್ವ ಅತ್ತಳು. ಗಂಗೂ ಕಾಕು ಗೋಡೆಗೆ ಆನಿಕೊಂಡು ನಿಂತು ಅವ್ವನ ಕಡೆ ನೋಡಿ ಒಂದೇ ಮಾತು ಕೇಳಿದಳು.

“ಅಂದ್ರ ಅಮಾಸಿ ದಿನ ನಾ ನಕ್ಕಾಗ ಅವರು ಇರ್ಲೇ ಇಲ್ಲೇನಕ್ಕಾ?”

ಅಪ್ಪನೂ ಅತ್ತರು. ಅದು ಸುಳ್ಳಲ್ಲ. ಕಾಕಾನ ತಗಡಿನ ಟ್ರಂಕು ಬಂದ ದಿನ ಅದರ ಮೇಲೆ ಕೈಯಿಟ್ಟುಕೊಂಡು, ಬಾಯಿಗೆ ಟವೆಲು ಒತ್ತಿಕೊಂಡು ಅತ್ತದ್ದನ್ನು ನಾನು ನೋಡಿದ್ದೇನೆ. ಆ ಅಳು ಅಷ್ಟಕ್ಕೇ ನಿಂತಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ. ಆದರೆ ಬೀದರಿನಿಂದ ಒಬ್ಬ ಮುಖಂಡರು ಜೀಪಿನಲ್ಲಿ ಬಂದರು. ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದರು. ಶಾಲೆಯ ಮೈದಾನದಲ್ಲಿ ಸಭೆ ಆಗಬೇಕು, ವೀರನ ಅಣ್ಣನೇ ಮಾತಾಡಬೇಕು ಎಂದರು. ಗಂಜಿನಲ್ಲಿ ಧಾರಣೆ ಕೂಗುವುದನ್ನು ಬಿಟ್ಟರೆ ಅಪ್ಪ ಎಂದೂ ನಾಲ್ಕು ಜನರ ಮುಂದೆ ಮಾತಾಡಿದವರಲ್ಲ. ಅಂದು ಮೈಕಿನ ಮುಂದೆ ನಿಂತವರು ಸ್ವಲ್ಪ ತಡವರಿಸಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಅಂದರು:

“ನನಗ ಇದ್ದಾಂವ ಒಬ್ಬನೇ ತಮ್ಮ. ಅವನ್ನ ನಾನೇ ಕೈಯಾರೆ ಈ ದೇಶಕ್ಕ ಕೊಟ್ಟೀನಿ.”

ಮೈದಾನ ಚಪ್ಪಾಳೆಯಿಂದ ತುಂಬಿಹೋಯಿತು. ಅಪ್ಪ ಬೆರಗಾಗಿ ಜನರನ್ನು ನೋಡಿದರು. ಆ ಮುಖ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಆಯಿಯ ಪಕ್ಕದಲ್ಲಿ ಮುಂದಿನ ಸಾಲಿನಲ್ಲೇ ಇದ್ದೆ. ಆಯಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನಗೆ ನೋವಾಯಿತು.  ಮನೆಗೆ ಬಂದ ಮೇಲೆ ಅಪ್ಪನಿಗೆ ತಾನೇ ಬಡಿಸುತ್ತ, ಕೊಟ್ಟವನು ನೀನಲ್ಲ ಎಂದು ಮೆಲ್ಲಗೆ ಹೇಳಿದಳು. ಅಪ್ಪ ಕೇಳಿಸದವರಂತೆ ಉಂಡರು.

ಮುಂದಿನ ತಿಂಗಳುಗಳಲ್ಲಿ ಚುನಾವಣೆ. ಗೆದ್ದ ಯುದ್ಧದ ಹೆಸರಲ್ಲಿ ಓಟು ಕೇಳುವುದು ಎಷ್ಟು ಸುಲಭವೆಂದು ಇಡೀ ದೇಶವೇ ಆಗ ಕಲಿಯುತ್ತಿತ್ತು, ನಮ್ಮ ಮನೆಯೂ ಕಲಿಯಿತು. ನಮ್ಮಲ್ಲಿ ಗಂಡ ಸತ್ತವರು ಬಿಳಿ ಸೀರೆಯನ್ನೇ ಉಡಬೇಕೆಂಬ ಕಟ್ಟಳೆ ಇರಲಿಲ್ಲ. ಅಪ್ಪನೇ ಬೀದರಿನಿಂದ ಬಿಳಿ ಸೀರೆ ತಂದರು. ಹತ್ತೊಂಬತ್ತರ ಕಾಕುವಿಗೆ ಅದನ್ನು ಉಡಿಸಿ, ಮಡಿಲಲ್ಲಿ ಕಾಕಾನ ಫೋಟೊ ಇಟ್ಟು, ಜೀಪಿನಲ್ಲಿ ಕೂಡಿಸಿ ಊರೂರು ತಿರುಗಿಸಿದರು. ಔರಾದಕ್ಕೂ ಕರೆದೊಯ್ದರು. ಅವಳ ತವರಿನ ಹೆಂಗಸರು ವೇದಿಕೆ ಹತ್ತಿ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರಂತೆ. ಅವರಲ್ಲಿ ಅವಳ ಹೆತ್ತ ತಾಯಿಯೂ ಇದ್ದಳಂತೆ. ಇದನ್ನು ಕಾಕು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಅದೂ ಗೋಡೆಯ ಕಡೆ ಮುಖ ಮಾಡಿಕೊಂಡು.

ಮುಖಂಡರ ಕಡೆಯವರು ಗೆದ್ದರು. ಅಪ್ಪ ಲೀಡರ್ ಆದರು. ಅಂಗಡಿ ಮುನೀಮನ ಕೈಗೆ ಹೋಯಿತು, ಪಡಸಾಲೆ ಕಚೇರಿಯಾಯಿತು. ಕಾಕಾನ ಫೋಟೊದ ಪಕ್ಕದಲ್ಲಿ ಪ್ರಧಾನಿಯವರನ್ನು ಹುಲಿಯ ಮೇಲೆ ಕೂಡಿಸಿ ಬರೆದ ಕ್ಯಾಲೆಂಡರು. ಬಂದವರಿಗೆಲ್ಲ ಚಹಾ, ಚುರುಮುರಿ ಸುಸಲಾ. ಅವ್ವನ ಒಲೆ ಆರಿದ್ದನ್ನೇ ನಾನು ನೋಡಲಿಲ್ಲ. ವಸತಿ ಉಳಿಯುವ ಕಾರ್ಯಕರ್ತರಿಗೆ ಚಿಕ್ಕ ಕೋಣೆ ಬೇಕಾಯಿತು. ಕಾಕು ತನ್ನ ಟ್ರಂಕು ಎತ್ತಿಕೊಂಡು ಅಡುಗೆಮನೆಗೆ ಬಂದಳು, ಜೋಳದ ಕಣಜದ ಪಕ್ಕದಲ್ಲಿ ಹಾಸಿಕೊಂಡಳು. ಪಡಸಾಲೆಯಲ್ಲಿ ಅವಳ ಗಂಡನ ಹೆಸರಿಗೆ ಜೈಕಾರ ಏಳುವಾಗ ಅವಳು ಒಳಗೆ ಚಹಾದ ಕಪ್ಪು ಬಸಿ ತೊಳೆಯುತ್ತಿದ್ದಳು.

ಅವಳನ್ನು ಅಲ್ಲಿಂದ ಬಿಡಿಸಿದವಳು ಆಯಿ. ಹುಡುಗಿ ಓದಲಿ, ಬೀದರಿನಲ್ಲಿ ಮಾಸ್ತರಿಕೆ ಕಲಿಯಲಿ ಎಂದು ಹಟ ಹಿಡಿದಳು, ಎರಡು ದಿನ ಊಟ ಬಿಟ್ಟಳು. ವೀರನ ಹೆಂಡತಿ ಶಿಕ್ಷಕಿಯಾಗುವುದು ಭಾಷಣಕ್ಕೂ ಒಳ್ಳೆಯದೆಂದು ಮುಖಂಡರಿಗೆ ಅನಿಸಿದ್ದರಿಂದ ಅಪ್ಪನೂ ಒಪ್ಪಿದರು. ಕಾಕು ಮ್ಯಾಟ್ರಿಕ್ ಕಟ್ಟಿ ಪಾಸಾದಳು, ತರಬೇತಿ ಮುಗಿಸಿದಳು, ಜನವಾಡದ ಶಾಲೆಗೆ ಹೋದಳು. ಬೀದರಿನಲ್ಲಿ ಒಂದು ಖೋಲಿ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅದೇ ಶಾಲೆಯಲ್ಲಿ ಕಾಶಿನಾಥ ಮಾಸ್ತರರಿದ್ದರು. ಮೆತ್ತನೆ ಮಾತಿನ ಮನುಷ್ಯ, ಲೆಕ್ಕ ಕಲಿಸುತ್ತಿದ್ದರು. ಆ ಹೊತ್ತಿಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಿತ್ತು. ಯುದ್ಧ ಗೆದ್ದವರನ್ನು ಪ್ರಶ್ನೆ ಮಾಡುವುದೆಂದರೇನು ಎಂದು ಪಡಸಾಲೆಯಲ್ಲಿ ಕುಳಿತವರೆಲ್ಲ ತಲೆಯಾಡಿಸುತ್ತಿದ್ದರು. ರೈಲು ಸರಿಯಾದ ಹೊತ್ತಿಗೆ ಬರುತ್ತದೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ರೈಲು ಹತ್ತಿದ್ದನ್ನೇ ನಾನು ಕಂಡಿರಲಿಲ್ಲ.

ಒಂದು ಭಾನುವಾರ ಕಾಕು ಭಾಲ್ಕಿಗೆ ಬಂದಳು. ಅಪ್ಪನ ಊಟ ಆಗುವವರೆಗೆ ಕಾದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಹೊದ್ದುಕೊಂಡೇ ಹೇಳಿದಳು.

“ಭಾವನೋರ, ನಾ ಲಗ್ನ ಮಾಡ್ಕೋತೇನಿ. ಕಾಶಿನಾಥ ಮಾಸ್ತರು ಕೇಳ್ಯಾರ, ನಾ ಹೂಂ ಅಂದೀನ್ರಿ.”

ಅಪ್ಪ ಕೂಗಲಿಲ್ಲ. ಪಡಸಾಲೆಯಲ್ಲಿ ಜನರಿದ್ದರು. ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಇದು ಆಗದ ಮಾತು, ತಾಲೂಕಿನ ಜನ ಏನನ್ನುತ್ತಾರೆ, ಚೌಕದಲ್ಲಿ ಮಾಣಿಕನ ಮೂರ್ತಿ ನಿಲ್ಲುವುದಿದೆ, ಮಂತ್ರಿಗಳು ಬರುವವರಿದ್ದಾರೆ ಎಂದರು. ಆಯಿ ಕಣಜಕ್ಕೆ ಆತು ಕುಳಿತಿದ್ದಳು. ನಮ್ಮವರಲ್ಲಿ ಉಡಿಕೆ ಹೊಸದಲ್ಲ, ನನ್ನ ಸ್ವಂತ ತಂಗಿಗೆ ಗಂಡ ಸತ್ತ ಮೇಲೆ ಉಡಿಕೆ ಆಗಿ ಮಕ್ಕಳು ಮೊಮ್ಮಕ್ಕಳು ಆಗಿದ್ದಾರೆ, ನಿಜಾಮನ ಕಾಲದಲ್ಲೂ ಯಾರೂ ಅಡ್ಡ ಬರಲಿಲ್ಲ ಎಂದು ನೆನಪು ಮಾಡಿದಳು.

“ಆಯಿ, ಅದು ಬ್ಯಾರೆ. ಇಕಿ ಬರೀ ನಮ್ಮನಿ ಸೊಸಿ ಅಲ್ಲ. ದೇಶದ ಇಜ್ಜತ್ ಅದ ಇದರಾಗ.”

“ಸತ್ತಾಂವ ನನ್ನ ಮಗ,” ಅಂದಳು ಆಯಿ. “ನಾ ಹೇಳ್ತೇನಿ, ಆಕಿ ಲಗ್ನ ಆಗ್ಲಿ. ದೇಶಕ್ಕೇನ್ ಕೇಳ್ತಿ?”

ನನಗೆ ಆಗ ಹದಿನಾಲ್ಕು. ನೀರಿನ ಕೊಡ ಕೆಳಗಿಡುವುದನ್ನೂ ಮರೆತು ನಿಂತಿದ್ದೆ. ನಮ್ಮ ಹಳೆಯ ರೂಢಿ ಕೊಟ್ಟಿದ್ದ ಬಾಗಿಲನ್ನು ಗೆದ್ದ ಯುದ್ಧದ ಹೆಮ್ಮೆ ಮುಚ್ಚುತ್ತಿದೆ ಎಂದು ಹೇಳುವ ಬುದ್ಧಿ ಅಂದು ನನಗಿರಲಿಲ್ಲ. ಮೈ ಮಾತ್ರ ಉರಿಯುತ್ತಿತ್ತು.

ಮುಂದಿನ ವಾರ ಪೊಲೀಸರು ಕಾಶಿನಾಥ ಮಾಸ್ತರರನ್ನು ಕರೆದುಕೊಂಡು ಹೋದರು. ತರಗತಿಯಲ್ಲಿ ಸರ್ಕಾರದ ವಿರುದ್ಧ ಮಾತಾಡಿದರೆಂಬ ದೂರು. ಅವರು ಕಲಿಸುತ್ತಿದ್ದದ್ದು ಭಾಗಾಕಾರ. ಯಾರನ್ನು ಒಳಗೆ ಹಾಕಿದರೂ ಯಾಕೆಂದು ಕೇಳುವವರಿಲ್ಲದ ಕಾಲ ಅದು. ಯಾರ ಬಾಯಿಂದ ಆ ದೂರು ಹೊರಟಿತೆಂದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲವು ದಿನಗಳ ಮೇಲೆ ಬಿಟ್ಟರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಎಡಗೈಯಲ್ಲಿ ಬರೆಯುವುದನ್ನು ಹೊಸದಾಗಿ ಕಲಿತರು. ಅಂದಿನಿಂದ ಆಯಿ ಅಪ್ಪನಿಗೆ ಬಡಿಸಲಿಲ್ಲ. ಅವ್ವ ಬಡಿಸುತ್ತಿದ್ದಳು, ಆದರೆ ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುವುದನ್ನು ನಿಲ್ಲಿಸಿದಳು.

ಮೂರ್ತಿಯ ದಿನ ಬಂತು. ಎದೆಮಟ್ಟದ ಸಿಮೆಂಟಿನ ಮೂರ್ತಿ, ಮೇಲೆ ಬಿಳಿ ಬಟ್ಟೆ. ಶಾಲೆಯ ಮಕ್ಕಳ ಕೈಯಲ್ಲೆಲ್ಲ ಕಾಗದದ ಧ್ವಜ. ಮಂತ್ರಿಗಳ ಪಕ್ಕದಲ್ಲಿ ಕಾಕುವಿಗೆಂದು ಒಂದು ಕುರ್ಚಿ ಖಾಲಿ ಇತ್ತು, ಬಟ್ಟೆ ಸರಿಸುವವಳು ಅವಳೇ ಎಂದು ಅಪ್ಪ ಮೈಕಿನಲ್ಲಿ ಸಾರಿದ್ದರು. ಬೀದರಿನ ಬಸ್ಸು ತಡವಾಯಿತು. ಅಪ್ಪ ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು. ಕೊನೆಗೆ ಜನರು ದಾರಿ ಬಿಟ್ಟರು, ಕಾಕು ಬಂದಳು. ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ, ಹಣೆಗೆ ಕುಂಕುಮ, ಕೊರಳಲ್ಲಿ ಹೊಸ ತಾಳಿ. ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕಾಶಿನಾಥ ಮಾಸ್ತರರು. ಅಂದು ಬೆಳಿಗ್ಗೆಯೇ ಬೀದರಿನಲ್ಲಿ ಸಹಿ ಹಾಕಿ ಮದುವೆ ಮುಗಿಸಿಕೊಂಡು ಬಸ್ಸು ಹತ್ತಿದ್ದರು.

ಗದ್ದಲ ತಾನೇ ಅಡಗಿತು. ಮಂತ್ರಿಗಳಿಗೆ ಏನೂ ತಿಳಿಯಲಿಲ್ಲ, ಕೈ ಜೋಡಿಸಿ ಎದ್ದು ನಿಂತರು. ಕಾಕು ಕುರ್ಚಿಯಲ್ಲಿ ಕೂಡಲಿಲ್ಲ. ಮೂರ್ತಿಯ ಹತ್ತಿರ ಹೋಗಿ ಬಟ್ಟೆ ಎಳೆದಳು, ಮುಖವನ್ನು ಒಂದು ಗಳಿಗೆ ನೋಡಿದಳು. ಶಿಲ್ಪಿ ಕಾಕಾನಿಗೆ ಇಲ್ಲದ ದೊಡ್ಡ ಮೀಸೆ ಇಟ್ಟಿದ್ದ. ಆಮೇಲೆ ಮೈಕಿಗೆ ಬಂದಳು. ಅಪ್ಪ ಅಡ್ಡ ಬರಲು ಒಂದು ಹೆಜ್ಜೆ ಇಟ್ಟರು, ಮಂತ್ರಿಗಳು ಎದುರಿಗೇ ಇದ್ದುದರಿಂದ ನಿಂತುಬಿಟ್ಟರು.

“ನಮ್ಮ ಮನಿಯವರನ್ನ ಮಿಲಿಟ್ರಿಗಿ ಯಾರೂ ಕೊಟ್ಟಿದ್ದಿಲ್ರಿ. ತಾವಾಗೇ ಹೋದ್ರು, ಬೈಸ್ಕೊಂಡು ಹೋದ್ರು. ಇವತ್ತ ನಾ ಕಾಶಿನಾಥ ಮಾಸ್ತರ ಮನಿಗಿ ಹೋಗ್ತೇನಿ. ನನ್ನೂ ಯಾರೂ ಕೊಟ್ಟಿಲ್ಲ. ನಾನೇ ಹೋಗ್ತೇನಿ.”

ಇಷ್ಟು ಹೇಳಿ ಇಳಿದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಹೆಂಗಸರ ಸಾಲಿನಿಂದ ಆಯಿ ಎದ್ದು, ನನ್ನ ಭುಜ ಹಿಡಿದು ನಡೆದು, ಎಲ್ಲರ ಎದುರಿಗೆ ಕಾಕುವಿನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲ್ಲವನ್ನೂ ಸೆರಗಿನ ಮರೆಯಲ್ಲಿ ಗಂಟು ಕಟ್ಟಿ ತಂದಿದ್ದಳು. ಅಂದರೆ ಆಕೆಗೆ ಮೊದಲೇ ಗೊತ್ತಿತ್ತು. ಕುಪ್ಪಸದ ಕಣ ಆರಿಸಿದವಳು ಅವ್ವ ಎಂದು ಆಮೇಲೆ ತಿಳಿಯಿತು.

ಅಪ್ಪನಿಗೆ ಅವರನ್ನು ಏನೂ ಮಾಡಲಾಗಲಿಲ್ಲ. ತಾವೇ ಊರೂರಿಗೆ ಒಯ್ದು ದೇವಿ ಮಾಡಿಟ್ಟ ಹೆಂಗಸಿನ ಗಂಡನನ್ನು ಮತ್ತೆ ಜೈಲಿಗೆ ಹಾಕಿಸಿದರೆ ಊರು ಕೇಳುತ್ತಿತ್ತು. ಹಾಗೆಂದು ಅಪ್ಪನಿಗೆ ಏನು ನಷ್ಟವಾಯಿತು? ಏನೂ ಇಲ್ಲ. ತುರ್ತು ಪರಿಸ್ಥಿತಿ ಹೋಯಿತು, ದೆಹಲಿಯಲ್ಲಿ ಸರ್ಕಾರ ಬಿತ್ತು, ಮತ್ತೆ ಎದ್ದಿತು. ಅಪ್ಪ ಪಕ್ಷ ಬದಲಿಸಿದರು, ಮತ್ತೆ ಬದಲಿಸಿದರು, ಸಿಮೆಂಟಿನ ಮೂರ್ತಿಗೆ ವರ್ಷಕ್ಕೆರಡು ಸಲ ಹಾರ ಹಾಕಿದರು. ಮನೆಯಲ್ಲಿ ಕಾಕುವಿನ ಹೆಸರೆತ್ತಕೂಡದು. ಆಯಿ ಸತ್ತಾಗಲೂ ಆಕೆಗೆ ಹೇಳಿಕಳಿಸಲು ಬಿಡಲಿಲ್ಲ. ನಾನೇ ಬೀದರಿಗೆ ಹೋಗಿ ಕರೆತಂದೆ. ಕಾಕು, ಮಾಸ್ತರರು ಇಬ್ಬರೂ ಸ್ಮಶಾನದ ಹೊರಗೆ ನಿಂತು ಹೋದರು.

ನಾನು ಬೀದರಿನಲ್ಲಿ ಹೊಸದಾಗಿ ನೌಕರಿಗೆ ಸೇರಿದ ವರ್ಷ ಒಂದು ಸಭಾಭವನದಲ್ಲಿ ಯೋಧರ ಕುಟುಂಬಗಳ ಸನ್ಮಾನವಿತ್ತು. ಅಪ್ಪ ಮುಖ್ಯ ಅತಿಥಿ. ವಿದ್ಯಾರ್ಥಿನಿಯರನ್ನು ಕರೆದುಕೊಂಡು ಬಾ ಎಂದು ನನಗೆ ಆದೇಶವಾಗಿತ್ತು, ಹೋಗಿ ನಡುವಿನ ಸಾಲಿನಲ್ಲಿ ಕುಳಿತೆ. ಅಪ್ಪನಿಗೆ ಈಗ ಮೈಕು ಪಳಗಿತ್ತು. ತಮ್ಮನನ್ನು ದೇಶಕ್ಕೆ ಕೊಟ್ಟ ಕಥೆ ಹೇಳಿದರು. ನಾನು ಹಲ್ಲು ಕಚ್ಚಿ ಕೇಳಿದೆ. ಆಮೇಲೆ ಕಾಲ ಬದಲಾಗಿದೆ, ಹೆಣ್ಣುಮಕ್ಕಳ ಬಾಳು ಕಟ್ಟಬೇಕು ಎಂದು ಶುರುಮಾಡಿ, ಧ್ವನಿ ತಗ್ಗಿಸಿ ಅಂದರು:

“ನನ್ನ ತಮ್ಮನ ಹೆಂಡತಿಗಿ ನಾನೇ ಮುಂದ ನಿಂತು ಲಗ್ನ ಮಾಡಿಸೀನಿ. ಜನ ಅಂದ್ರು, ನಾ ಫಿಕೀರ ಮಾಡ್ಲಿಲ್ಲ.”

ಭವನ ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಹುಡುಗಿ ಕಣ್ಣೊರೆಸಿಕೊಂಡು, ನಿಮ್ಮ ತಂದೆಯವರು ದೊಡ್ಡವರು ಮ್ಯಾಡಮ್ ಎಂದಳು. ಕಾಶಿನಾಥ ಮಾಸ್ತರರು ಎಡಗೈಯಲ್ಲಿ ಬರೆಯುವ ಸೊಟ್ಟ ಅಕ್ಷರಗಳು ನನ್ನ ಕಣ್ಣಿಗೆ ಕಟ್ಟಿದವು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಹಾರ ಹಾಕಲು ಎದ್ದಿದ್ದೇನೆ ಎಂದುಕೊಂಡರೋ ಏನೋ, ಅಪ್ಪ ನನ್ನ ಕಡೆ ನೋಡಿ ನಕ್ಕರು, ಈಕೆ ನನ್ನ ಮಗಳು ಎಂದು ಮಂದಿಗೆ ತೋರಿಸಿದರು.

“ಸುಳ್ಳ ಹೇಳ್ಬ್ಯಾಡ್ರಿ ಅಪ್ಪಾ,” ಅಂದೆ. ಮೈಕಿಲ್ಲದಿದ್ದರೂ ನನ್ನ ಧ್ವನಿ ಕೊನೆಯ ಸಾಲಿನವರೆಗೆ ಹೋಯಿತು. “ಆ ಮಾಸ್ತರನ್ನ ಹಿಡಿಸಿದವರು ನೀವು.”

ಅಪ್ಪನ ಕೈ ತೋರಿಸಿದಂತೆಯೇ ಗಾಳಿಯಲ್ಲಿ ನಿಂತಿತ್ತು. ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಜಗ್ಗಿ, ಕೂಡ್ರಿ, ಕೂಡ್ರಿ ಎಂದರು. ನಾನು ಕೂಡಲಿಲ್ಲ.